ಕೂಳಿಯ ಬಾಯಿ ಯಾವ ಕಡೆಗೆ?

ಮುಂಗಾರು ಹಿಡಿದರೆ ಸಾಕು, ಹೊಳೆಯಿಂದ ಗದ್ದೆಗೆ ಹತ್ತಿ ಬರುವ ‘ಹತ್ತುಮೀನಿನ’ ಫೋಟೊಗಳು ಓಡಾಡಲು ಶುರು. ಕೆಳಗೊಂದು ಕಾಮೆಂಟು ಖಾಯಂ: ‘ಹಾಡಿಯವರೇ ಕೂಳಿ ಇಟ್ಟು ಮೀನಿನ ಸಂತತಿ ತೆಗೀತಿರೋದು.’ ಬರೆದವರು ಕೂಳಿಯನ್ನು, ಅಂದರೆ ಮೀನು ಹಿಡಿಯುವ ಬಿದಿರಿನ ಬುಟ್ಟಿಯನ್ನು, ಮುಟ್ಟಿ ನೋಡಿರಲಿಕ್ಕಿಲ್ಲ.

ಹಾಡಿ ಅಂದರೆ ಬುಡಕಟ್ಟಿನವರ ಕೇರಿ. ದಕ್ಷಿಣ ಕೊಡಗಿನ ಹಾಡಿಗಳ ಯರವ ಬುಡಕಟ್ಟಿನವರಿಗೆ ಗದ್ದೆ, ತೋಡಿನ ಮೀನು ಏಡಿ ಮಳೆಗಾಲದ ಊಟ, ಮೋಜಲ್ಲ. ಕೂಳಿಗೆ ಬಲಿತ ಬಿದಿರೇ ಬೇಕು. ಎಳೆಯದಾದರೆ ಬೇಗ ಕುಟ್ಟೆಹುಳು ಹಿಡಿದು ಪುಡಿ. ಸೀಳಿದ ಕಡ್ಡಿಗಳನ್ನು ಬಳ್ಳಿಯಲ್ಲಿ ಹೆಣೆದು ಬಾಯಿ ಅಗಲ, ಬಾಲ ಕಿರಿದು ಮಾಡುತ್ತಾರೆ. ಕಸುಬಿರುವುದು ಒಳಗಿನ ಗಂಟಲಲ್ಲಿ. ಚೂಪು ಕಡ್ಡಿಗಳು ಒಳಮುಖವಾಗಿ ಕೂಡಿದ್ದು, ಮೀನು ನುಗ್ಗಿದಾಗ ಬಾಗಿ ಮತ್ತೆ ಮುಚ್ಚಿಕೊಳ್ಳಬೇಕು. ಕಡ್ಡಿ ದಪ್ಪವಾಯಿತೋ, ಮೀನು ಮೂತಿ ತಾಗಿಸಿ ವಾಪಸ್. ತೀರಾ ತೆಳುವಾಯಿತೋ, ಬಂದದ್ದು ಬಂದ ಹಾಗೇ ಹೊರಗೆ. ಹೊರಮೈಯ ಸಂದುಗಳಲ್ಲಿ ಮರಿಗಳು ಜಾರಿಹೋಗುತ್ತವೆ. ಅದಕ್ಕೆ ಸೊಳ್ಳೆಪರದೆ ಸುತ್ತಿದರೆ ಅದು ಕೂಳಿಯೇ ಅಲ್ಲ.

ಇಡುವಾಗ ತೋಡಿಗೆ ಕಲ್ಲು, ಸೊಪ್ಪು, ಕೆಸರಿನ ಕಟ್ಟೆ ಹಾಕಿ ನೀರನ್ನೆಲ್ಲ ಒಂದೇ ಕಂಡಿಗೆ ತರಬೇಕು. ಪಕ್ಕದಲ್ಲಿ ದಾರಿ ಬಿಟ್ಟರೆ ಮೀನು ಅತ್ತಲೇ. ರಾತ್ರಿ ಮಳೆಗೆ ತರಗೆಲೆ ಬಂದು ಮೆತ್ತಿಕೊಂಡರೆ ನೀರು ಒತ್ತಿ ಕಟ್ಟೆಯೇ ಒಡೆಯುತ್ತದೆ. ಬೆಳಗ್ಗೆ ಬಾಲದ ಕಟ್ಟು ಬಿಚ್ಚಿ ದಡದಲ್ಲಿ ಕೊಡವಬೇಕು, ಒಳಗೆ ಕೈ ಹಾಕುವಂತಿಲ್ಲ: ಚೇಳುಮೀನಿನ ಮುಳ್ಳು ಚುಚ್ಚಿದರೆ ಪ್ರಾಣ ಹೋಗುವಷ್ಟು ಉರಿ, ನೀರುಹಾವೂ ಸೇರಿರಬಹುದು. ಏಡಿ ಹೊಕ್ಕಿದ್ದರೆ ಮೀನಿನಲ್ಲಿ ಅದರ ಪಾಲು ಅದಾಗಲೇ ಹೋಗಿರುತ್ತದೆ.

ಇನ್ನು ತಕರಾರಿನ ವಿಷಯ. ಜೂನ್‌ನ ಮೊದಲ ಹೊಸನೀರಿಗೆ ಮೀನು ಮೊಟ್ಟೆಯಿಡಲು ಹೊಳೆಯಿಂದ ಗದ್ದೆಗೆ ಹತ್ತುತ್ತದೆ. ಕೂಳಿಯ ಬಾಯಿ ಹೊಳೆಯ ಕಡೆಗಿದ್ದರೆ ಬೀಳುವುದು ಮೊಟ್ಟೆ ತುಂಬಿದ ಮೀನು. ಮಳೆ ಇಳಿದ ಮೇಲೆ ಅದನ್ನೇ ಗದ್ದೆಯ ಕಡೆಗೆ ತಿರುಗಿಸಿಟ್ಟರೆ, ಮೊಟ್ಟೆಯಿಟ್ಟು ಹೊಳೆಗೆ ಮರಳುವ ಇಳಿಮೀನು ಸಿಗುತ್ತದೆ. ಕೂಳಿ ಒಂದೇ, ಫಲ ಬೇರೆ. ಹತ್ತುಮೀನಿಗೆ ಇಡೀ ತೋಡು ಅಡ್ಡಗಟ್ಟುವುದು ತಪ್ಪೇ, ಹಾಡಿಯವರಿಟ್ಟರೂ, ಪೇಟೆಯಿಂದ ಜೀಪಲ್ಲಿ ಬಂದವರಿಟ್ಟರೂ. ಆದರೆ ಬೈಗುಳ ಮಾತ್ರ ಹಾಡಿಗೆ! ಶುಂಠಿ ಗದ್ದೆಯಿಂದ ತೋಡಿಗಿಳಿಯುವ ಔಷಧಿಯ ಬಗ್ಗೆ ಯಾರೂ ತುಟಿ ಬಿಚ್ಚುವುದಿಲ್ಲ.

ಮೀನು ಹಿಡಿಯಲು ಬಳಸುವ ಕಾಡಿನ ಕಾರೆಕಾಯಿಯದು ಬೇರೆ ಕಥೆ. ಬೇಸಿಗೆಯಲ್ಲಿ ನಿಂತ ಗುಂಡಿಗೆ ಜಜ್ಜಿ ಹಾಕಿದರೆ ಅದರಲ್ಲಿನ ಸಪೋನಿನ್ ಎಂಬ ನೊರೆ ಬರಿಸುವ ಅಂಶ ಕಿವಿರಿಗೆ ತಾಗಿ ಮೀನು ಮತ್ತೇರಿ ತೇಲುತ್ತದೆ. ಹರಿವ ನೀರಲ್ಲಿ ತೆಳುವಾಗಿ ಕೆಲಸ ಮಾಡದು. ಮೀನು ಹಿಡಿಯಲು ಕೆಲವರು ಸುರಿಯುವ ಬ್ಲೀಚಿಂಗ್ ಪೌಡರಿಗೆ ಹೋಲಿಸಿದರೆ ಸೌಮ್ಯವೇ, ಆದರೂ ದೊಡ್ಡದು ಮರಿ ಎಂಬ ಭೇದ ಅದಕ್ಕಿಲ್ಲ. 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ನೀರಿಗೆ ವಿಷ ಹಾಕುವುದು ಅಪರಾಧ. ಇದನ್ನು ಸಮರ್ಥಿಸುವ ಅಗತ್ಯ ನನಗಂತೂ ಕಾಣುವುದಿಲ್ಲ.

ಕೂಳಿಯ ಮಾತು ಹಾಗಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ ಸೆಕ್ಷನ್ 3(1)(ಡಿ)ಯಲ್ಲಿ ಮೀನನ್ನು ಸಮುದಾಯದ ಹಕ್ಕೆಂದು ಹೆಸರಿಟ್ಟೇ ಬರೆದಿದೆ. ಅರ್ಜಿ ಅಂದ ತಕ್ಷಣ ಎಲ್ಲರ ಗಮನ ಜಮೀನಿನ ನಮೂನೆ ‘ಎ’ ಮೇಲೆ. ಮೀನಿಗೆ ಜಾಗವಿರುವುದು ನಮೂನೆ ‘ಬಿ’ಯಲ್ಲಿ. ಗ್ರಾಮಸಭೆಯಲ್ಲಿ ಅದನ್ನು ತುಂಬುವಾಗ ಬರೀ ‘ಮೀನುಗಾರಿಕೆ’ ಅಂತ ಗೀಚಿ ಬಿಡಬೇಡಿ. ಯಾವ ತೋಡು, ಯಾವ ಗುಂಡಿ, ಯಾವ ತಿಂಗಳು, ಕೂಳಿ ಇಡುವುದು ಇಳಿಮೀನಿಗೆ ಮಾತ್ರವೇ ಎಂಬುದನ್ನೂ ನಡಾವಳಿಯಲ್ಲಿ ಬರೆಸಿ.