ಗಂಗಡಿಕಲ್ಲಿಗೆ ಹುಲ್ಲೇ ಸಾಕು, ಗಿಡ ನೆಡುವುದು ಬೇಡ

ಬೆಟ್ಟ ಹತ್ತುವವರೆಲ್ಲ ಕುದುರೆಮುಖ, ಕುಮಾರಪರ್ವತ ಅಂತ ಓಡುತ್ತಾರೆ. ನನಗೆ ಗಂಗಡಿಕಲ್ಲೇ ಇಷ್ಟ. ಕಾರ್ಕಳ ಕಡೆಯಿಂದ ಎಸ್.ಕೆ. ಬಾರ್ಡರ್ (ಹಳೆಯ ಸೌತ್ ಕೆನರಾ ಜಿಲ್ಲೆಯ ಗಡಿ) ದಾಟಿ ಕುದುರೆಮುಖ ಪಟ್ಟಣಕ್ಕೆ ಹೋಗುವಾಗ ಸಿಗುವ ಹುಲ್ಲುಬೆಟ್ಟ ಅದು. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಗಂಗಾಮೂಲ ಅದರ ನೆರೆಯಲ್ಲೇ ಇದೆ. ಅರಣ್ಯ ಇಲಾಖೆಯ ಅನುಮತಿ ಪಡೆದು, ಗೈಡ್ ಜೊತೆ ಹೊರಟರೆ ಅರ್ಧ ದಿನದ ನಡಿಗೆ.

ಮೇಲೆ ಹೋದಂತೆ ಬರೀ ಹುಲ್ಲು. ಗುಡ್ಡದ ಮಡಿಕೆಗಳಲ್ಲಿ ಮಾತ್ರ ಕಪ್ಪುಹಸಿರು ಶೋಲಾ ಕಾಡು, ಅಂದರೆ ಕುಳ್ಳ ಮರಗಳ ದಟ್ಟ ಕಾಡು. ಇದನ್ನು ನೋಡಿದವರು ಕೇಳುವ ಮಾತು ಒಂದೇ: ಇಷ್ಟು ಜಾಗ ಸುಮ್ನೆ ಬಿದ್ದಿದೆ, ಗಿಡ ನೆಡಬಾರದಾ?

ನೆಡಬಾರದು. ಗಾಳಿ ಬಡಿಯುವ, ಮಣ್ಣು ತೆಳುವಾದ ನೆತ್ತಿಯಲ್ಲಿ ಹುಲ್ಲು, ಗಾಳಿಯ ಮರೆ ಇದ್ದು ಮಣ್ಣು ಆಳವಾಗಿರುವ ಕಣಿವೆಯಲ್ಲಿ ಮರ. ಯಾರೋ ಕಡಿದು ಬೋಳು ಮಾಡಿದ್ದಲ್ಲ, ಸಾವಿರಾರು ವರ್ಷಗಳಿಂದ ಇರುವುದೇ ಹೀಗೆ. ಕುದುರೆಮುಖದಲ್ಲಿ ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ ಸುರಿಯುತ್ತದೆ. ಆ ಹೊಡೆತಕ್ಕೆ ಮಣ್ಣು ಕೊಚ್ಚಿಹೋಗದಂತೆ ಹಿಡಿದಿರುವುದು ಈ ಹುಲ್ಲಿನ ಬೇರು. ಮಳೆ ನಿಂತ ಮೇಲೂ ಹಳ್ಳಗಳಲ್ಲಿ ನೀರು ಇರುತ್ತದಲ್ಲ, ಅದರಲ್ಲಿ ಹುಲ್ಲಿಗೂ ಪಾಲಿದೆ. ಕಾಟಿ, ಕಡವೆ ಮೇಯುವುದೂ ಇಲ್ಲೇ. ಇಂಥ ಕಡೆ ಅಕೇಶಿಯಾ ನೆಟ್ಟು ಹಸಿರು ಮಾಡಿದೆವು ಅನ್ನುವುದು ನನಗೆ ತುಂಬಾ ಬೇಸರದ ವಿಷಯ. ಕುದುರೆಮುಖದ ಸುತ್ತ ಕಬ್ಬಿಣದ ಅದಿರಿನ ಗಣಿಯಿದ್ದ ಕಾಲದಲ್ಲಿ ಹಾಗೆ ನೆಟ್ಟ ತೋಪುಗಳು ಈಗಲೂ ಕಣ್ಣಿಗೆ ಬೀಳುತ್ತವೆ.

ಗಣಿ ಅಂದೆ ಅಲ್ವಾ, ಈ ಬೆಟ್ಟವೂ ಅದಕ್ಕೆ ಬಲಿಯಾಗುವುದರಲ್ಲಿತ್ತು. ಅದಿರಿಗಾಗಿ ನೆಲ್ಲಿಬೀಡು ಮತ್ತು ಗಂಗಡಿಕಲ್ಲನ್ನೂ ಅಗೆಯುವ ಪ್ರಸ್ತಾಪ ಇತ್ತು. ಜನ ವರ್ಷಗಟ್ಟಲೆ ಹೋರಾಡಿದರು. 2002ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂತು, 2005ರ ಕೊನೆಗೆ ಗಣಿ ನಿಂತಿತು. ಇವತ್ತು ನಾವು ಕಾಲಿಡುವ ನೆತ್ತಿ ಉಳಿದಿರುವುದು ಅವರಿಂದ.

ಹಾಗಾಗಿ ನಡೆಯುವವರಿಗೆ ನನ್ನದೊಂದು ಬೇಡಿಕೆ. ದಾರಿಯಲ್ಲಿ ಕೆಸರಿದ್ದರೆ ಕೆಸರಲ್ಲೇ ನಡೆಯಿರಿ. ಪಕ್ಕದ ಹುಲ್ಲು ತುಳಿದರೆ ಅಲ್ಲೊಂದು ಹೊಸ ದಾರಿ ಬೀಳುತ್ತದೆ, ಮುಂದಿನ ಮಳೆಗೆ ಅದೇ ಕೊರಕಲಾಗುತ್ತದೆ. ಉಂಬಳಕ್ಕೆ (ರಕ್ತ ಹೀರುವ ಜಿಗಣೆ) ಹೆದರಿ ಉಪ್ಪು ಸುರಿಯುತ್ತಾ ಹೋಗಬೇಡಿ, ಉದ್ದ ಕಾಲುಚೀಲ ಹಾಕಿಕೊಂಡರೆ ಸಾಕು. ಬೇಸಿಗೆಯಲ್ಲಿ ಹುಲ್ಲು ಒಣಗಿರುವಾಗ ಬೆಂಕಿಪೊಟ್ಟಣ, ಸಿಗರೇಟು ಮನೆಯಲ್ಲೇ ಬಿಟ್ಟು ಬನ್ನಿ. ಮತ್ತೆ ವನಮಹೋತ್ಸವಕ್ಕೆ ಸಸಿ ತರುವ ಗೆಳೆಯರೇ, ನಿಮ್ಮೂರಿನ ಶಾಲೆ, ಕೆರೆದಂಡೆ, ರಸ್ತೆಬದಿಯಲ್ಲಿ ಅವಕ್ಕೆ ಬೇಕಾದಷ್ಟು ಜಾಗ ಇದೆ.