ನಿನ್ನೆ ಪರಿಹಾರವಾಗಲಿದೆ

‘ಯುವರ್ ಕಂಪ್ಲೇಂಟ್ ವಿಲ್ ಬಿ ರಿಸಾಲ್ವ್ಡ್ ಎಸ್ಟರ್‌ಡೇ.’ ಗ್ರಾಹಕ ಸೇವೆಯ ಈ ಧಾಟಿ ನಿಮಗೂ ಪರಿಚಿತವೇ. ನಗಬೇಡಿ. ಹಿಂದಿನ ತ್ರಿಕಾಲಜ್ಞಾನಿಗಳಿಗೆ ಮೂರು ಕಾಲಗಳು ಬೇರೆಬೇರೆಯಾಗಿಯೇ ಕಾಣುತ್ತಿದ್ದವು. ಇವರು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ.

ಎಡವಟ್ಟಿನ ಮೂಲ ‘ರಿಸಾಲ್ವ್ಡ್’ನ ಬಾಲದಲ್ಲಿದೆ. ಅದನ್ನು ಕಂಡೊಡನೆ ಭೂತಕಾಲವೆಂದು ನಂಬಿ ‘ಎಸ್ಟರ್‌ಡೇ’ ಅಂಟಿಸುತ್ತಾರೆ. ಇಲ್ಲಿ ಅದು ಬರೀ ಕರ್ಮಣಿ ರೂಪ. ಕಾಲ ಹೇಳುವುದು ‘ವಿಲ್’. ‘ಡಿಡ್ ನಾಟ್ ವೆಂಟ್’ ಕೂಡ ಇದೇ ಮನೆತನದ್ದು. ಭೂತವನ್ನು ‘ಡಿಡ್’ ಆಗಲೇ ಹೊತ್ತಿರುವಾಗ ಹಿಂದೆ ಬರುವ ಕ್ರಿಯಾಪದ ಬರಿಗೈಯಲ್ಲಿ ಬರಬೇಕು: ‘ಡಿಡ್ ನಾಟ್ ಗೋ’.

ನಿಜವಾದ ಮಹಾಶಯ ‘ವುಡ್’. ‘ವಿಲ್’ಗಿಂತ ಅದು ಹೆಚ್ಚು ವಿನಯದ್ದು ಎಂಬ ನಂಬಿಕೆಯಿಂದ ‘ರಿಫಂಡ್ ವುಡ್ ಬಿ ಕ್ರೆಡಿಟೆಡ್’ ಎಂದು ಬರೆಯುತ್ತಾರೆ. ‘ಹಿ ಸೆಡ್ ಹಿ ವುಡ್ ಪೇ’ ಸರಿ. ಅಂದು ಮುಂದಿದ್ದದ್ದನ್ನು ಇಂದು ವರದಿ ಮಾಡುತ್ತಿದ್ದೇವೆ. ವರದಿಯೂ ಅಲ್ಲದ ಇಂಥ ಒಂಟಿ ‘ವುಡ್’ ಒಂದು ಷರತ್ತಿಗೆ ಕಾಯುತ್ತದೆ. ಹಣ ಬರುತ್ತಿತ್ತು, ಏನಾದರೂ ಆಗಿದ್ದಿದ್ದರೆ! ಅಪ್ಪಿತಪ್ಪಿ ಸತ್ಯವನ್ನೇ ಬರೆದಿದ್ದಾರೆ.

ಪಾಪ, ಇಂಗ್ಲಿಷಿಗೆ ಸ್ವಂತದ ಭವಿಷ್ಯತ್ ಪ್ರತ್ಯಯವಿಲ್ಲ; ಸಹಾಯಕ ಪದಗಳೇ ಗತಿ. 1653ರಲ್ಲಿ ಗಣಿತಜ್ಞ ಜಾನ್ ವಾಲಿಸ್ ಲ್ಯಾಟಿನ್‌ನಲ್ಲಿ ಇಂಗ್ಲಿಷ್ ವ್ಯಾಕರಣ ಬರೆದು, ಬರೀ ಮುನ್ಸೂಚನೆಗೆ ‘ಐ’, ‘ವಿ’ ಜೊತೆ ‘ಶ್ಯಾಲ್’, ಉಳಿದವರಿಗೆ ‘ವಿಲ್’ ಎಂದ. ಮಾತು ಕೊಡುವಾಗಲೋ ಬೆದರಿಸುವಾಗಲೋ ಅದಲುಬದಲು. ಎಷ್ಟೋ ತಲೆಮಾರು ಇದನ್ನು ಉರುಹೊಡೆಯಿತು. ಬೆದರಿಸುವವರು ಮಾತ್ರ ವ್ಯಾಕರಣ ನೋಡಿಕೊಂಡು ಬೆದರಿಸಲಿಲ್ಲ.

ನಾವು ಕನ್ನಡಿಗರೇನು ಸಾಚಾ? ಎದ್ದೇ ಇರುವುದಿಲ್ಲ, ‘ಇಗೋ ಬಂದೆ’ ಎನ್ನುತ್ತೇವೆ. ‘ನಾಳೆ ಮಳೆ ಬಂದರೆ’ ಎಂಬಲ್ಲಿ ನಾಳೆಯ ಮಳೆ ಭೂತರೂಪದ ಮೇಲೆಯೇ ಸುರಿಯುತ್ತದೆ. ಇಂಗ್ಲಿಷ್ ಅಲ್ಲಿ ವರ್ತಮಾನ ಕೇಳುತ್ತದೆ: ‘ಇಫ್ ಇಟ್ ರೇನ್ಸ್ ಟುಮಾರೋ’. ‘ವೆನ್’, ‘ಅಂಟಿಲ್’, ‘ಬಿಫೋರ್’ ಆದಮೇಲೆ ಬರುವ ಭವಿಷ್ಯದ ಮಾತಿಗೂ ಅದೇ ಕಟ್ಟಳೆ. ‘ವೆನ್ ಹಿ ವಿಲ್ ಕಮ್, ಐ ವಿಲ್ ಟೆಲ್’ ಎಂದರೆ ಒಂದು ‘ವಿಲ್’ ದಂಡ.

ಹಾಗಂತ ಎರಡು ಕಾಲ ಒಂದೇ ವಾಕ್ಯದಲ್ಲಿರುವುದು ಅಪರಾಧವಲ್ಲ. ಪ್ರತಿ ಉಪವಾಕ್ಯದ ಕ್ರಿಯಾಪದಕ್ಕೆ ಗೆರೆ ಎಳೆಯಿರಿ, ಅದರದೇ ಕಾಲಸೂಚಕದೊಂದಿಗೆ ಜೋಡಿಸಿ ನೋಡಿ. ‘ದಿ ಬ್ರಿಜ್ ದಟ್ ಕೊಲ್ಯಾಪ್ಸ್ಡ್ ಎಸ್ಟರ್‌ಡೇ ವಿಲ್ ಬಿ ಇನಾಗ್ಯುರೇಟೆಡ್ ಟುಮಾರೋ.’ ನಿನ್ನೆ ಕುಸಿದ ಸೇತುವೆಗೆ ನಾಳೆ ಉದ್ಘಾಟನೆ. ವ್ಯಾಕರಣ ನಿರ್ದುಷ್ಟ, ಪೂರ್ಣ ಅಂಕ.

ಕಾಲ ಕೆಡಿಸುವ ತಪ್ಪಿಗೆ ಮಗುವಿನ ಅಂಕ ಕತ್ತರಿಸುತ್ತಾರೆ, ಕಚೇರಿಗೆ ಮಾತ್ರ ಮಾಫಿ. ಆದರೂ ತಪ್ಪು ಇಂಗ್ಲಿಷನ್ನು ಸಹಿಸಬಹುದು. ಏನೂ ಆಗದಿರುವಾಗ ‘ಹ್ಯಾಸ್ ಬೀನ್ ರಿಸಾಲ್ವ್ಡ್’ ಎಂದು ಒಂದಕ್ಷರ ತಪ್ಪಿಲ್ಲದೆ ಬರೆದು ದೂರು ಮುಚ್ಚುತ್ತಾರಲ್ಲ, ಅದು ಕಾಲದ ತಪ್ಪಲ್ಲ, ಸುಳ್ಳು. ಕೆಲಸ ಆಗಿಲ್ಲವೆಂದರೆ ‘ಇಟ್ ಈಸ್ ನಾಟ್ ಡನ್’ ಎಂದು ಬರೆಯಿರಿ. ನಾಲ್ಕೇ ಪದ, ಬರೀ ವರ್ತಮಾನ. ಕೆಳಗೆ ನಿಮ್ಮ ಹೆಸರು ಹಾಕಿ.