999 ರೂಪಾಯಿಯ ಗಿರಾಕಿಗೆ ಮರ್ಯಾದೆ ಇಲ್ವಾ?

ಲಿನನ್ ಅಂತ ತಗೊಂಡ ಬಟ್ಟೆ ಲಿನನ್ ಅಲ್ಲ ಅಂತ ಅಂಗಡಿಯವರಿಗೆ ಹೇಳ್ಲಿಕ್ಕೆ ಹೋದದ್ದು ನಾನು. ಜಗಳಕ್ಕೆ ಅಲ್ಲ. ದುಡ್ಡೇ ವಾಪಸ್ ಬೇಕು ಅಂತ ಕೂಡ ಅಲ್ಲ, ಬದಲಿಗೆ ಒಂದು ಚೂಡಿದಾರ್ ಪೀಸು ಕೊಟ್ಟಿದ್ರೂ ಸುಮ್ಮನೆ ತಗೊಂಡು ಬರ್ತಿದ್ದೆ. ಮನೆಗೆ ಬಂದು ಎಷ್ಟೋ ಹೊತ್ತಾಯ್ತು, ಕೈ ಇನ್ನೂ ನಡುಗ್ತಾ ಉಂಟು. ಊಟ ಸೇರಲಿಲ್ಲ. ಅಮ್ಮ ಎರಡು ಸಲ ಕರೆದು ಸುಮ್ಮನಾದಳು.

ಅಂಗಡಿಯ ಆ ಜನ ನನ್ನ ಶರ್ಟನ್ನು ಮೂಸಿ ನೋಡಿದ ಮಾರ್ರೆ. ಕಂಕುಳ ಹತ್ರ.

ನಾನು ತಗೊಂಡ ಬಣ್ಣ ಬಟರ್ ಯೆಲ್ಲೋ, ಬೆಣ್ಣೆ ಹಳದಿ. ಹಾಗಂದ್ರೆ ಎಂತ ಅಂತ ಈ ವರ್ಷ, 2025ರಲ್ಲಿ, ಯಾರಿಗೂ ಹೇಳಿ ಕೊಡ್ಬೇಕಾಗಿಲ್ಲ. ಮಾರ್ಚಿನಲ್ಲಿ ಆಸ್ಕರ್‌ಗೆ ಹಾಲಿವುಡ್ ನಟ ತಿಮೊತಿ ಶಾಲಮೆ ಮೇಲಿಂದ ಕೆಳಗಿನವರೆಗೆ ಅದೇ ಬಣ್ಣದ ಸೂಟು ಹಾಕಿ ಬಂದದ್ದು ಎಲ್ಲರ ಫೋನಿಗೂ ಬಂದಿತ್ತು. ವಿಷು ಆಗುವಾಗ ರೀಲ್ಸ್ ತುಂಬ ಅದೇ. ಮೇ ತಿಂಗಳಲ್ಲಿ ಕಾಸರಗೋಡು ಪೇಟೆಯ ಅಂಗಡಿ ಬೊಂಬೆಗಳ ಮೈಮೇಲೂ ಅದೇ. 2023ರಲ್ಲಿ ಗುಲಾಬಿ ಹೀಗೆಯೇ ಬಂದು ಹೋಯ್ತು, ಕಳೆದ ವರ್ಷ ಕಣ್ಣು ಕುಕ್ಕುವ ಲಿಂಬೆ ಹಸಿರು ಬಂದು ಹೋಯ್ತು. ಬರುವ ಬೇಸಗೆಗೆ ಈ ಬೆಣ್ಣೆ ಹಳದಿಯೂ ಇರುವುದಿಲ್ಲ ಅಂತ ಗೊತ್ತಿದ್ದೇ ತಗೊಂಡದ್ದು. ಒಂದು ಬೇಸಗೆ, ನನಗೂ ಎಲ್ಲರ ಹಾಗೆ ಇರ್ಬೇಕು ಅಂತ ಆಸೆ ಆಯ್ತು. ಅದ್ರಲ್ಲಿ ಯಾರದ್ದು ಎಂತ ಹೋಗ್ತದೆ?

ನಾನು ಕನ್ನಡ ಮೀಡಿಯಂ ಶಾಲೆಯಲ್ಲಿ ದಿನವೇತನದ ಟೀಚರ್. ಮಾರ್ಚಿಗೆ ಶಾಲೆ ಮುಚ್ಚಿದ್ರೆ ಮತ್ತೆ ಜೂನಿನವರೆಗೆ ನಮ್ಮಂಥವರಿಗೆ ಒಂದು ಪೈಸೆ ಬರುವುದಿಲ್ಲ. ರಜೆಯಲ್ಲಿ ಟ್ಯೂಷನ್ ಕೊಟ್ಟು ತೆಗೆದಿಟ್ಟ ದುಡ್ಡು ಅದು. ಶರ್ಟು ಮತ್ತು ಪ್ಯಾಂಟು, ಎರಡೂ ಒಂದೇ ಬಟ್ಟೆಯ ಕೋ-ಆರ್ಡ್ ಸೆಟ್. ಅಂಗಡಿಯ ಎದುರು ಬೋರ್ಡು: ಪ್ಯೂರ್ ಲಿನನ್, 999. ಸಾವಿರಕ್ಕೆ ಪ್ಯೂರ್ ಲಿನನ್ ಸಿಗ್ತದಾ ಅಂತ ನನ್ನನ್ನು ಕೇಳ್ಬೇಡಿ. ಬೋರ್ಡು ಬರೆದವರನ್ನು ಕೇಳಿ.

ದೊಡ್ಡಮ್ಮನ ಮಗನ ಮನೆ ಒಕ್ಕಲಿಗೆ ಹಾಕಿದೆ. ಶೀಟಿನ ಚಪ್ಪರ, ಮೇ ತಿಂಗಳ ಸೆಕೆ, ಒಂದು ಎಲೆ ಅಲ್ಲಾಡುವುದಿಲ್ಲ. ಹೋಮ ಮುಗಿಯುವ ಮೊದಲೇ ಬೆನ್ನು ಪೂರ್ತಿ ಒದ್ದೆಯಾಗಿ ಬಟ್ಟೆ ಮೈಗೆ ಅಂಟಿತು. ಊಟದ ಪಂಕ್ತಿಯಲ್ಲಿ ಕೂತ್ಕೊಳ್ಳುವಾಗ ಪ್ಯಾಂಟಿನ ಬದಿಯ ಹೊಲಿಗೆ ಬಿಟ್ಟಿತು. ಅತ್ತಿಗೆಯ ಶಾಲು ಸುತ್ತಿಕೊಂಡು ಊಟ ಮುಗಿಸಿದೆ. ಅದು ಬಿಡಿ, ಅಲ್ಲಿ ಎಲ್ಲ ನಮ್ಮವರೇ.

ಅಮ್ಮ ಮನೆಯಲ್ಲೇ ಹೊಲಿಯುವವಳು. ಹೊಲಿಗೆ ಹಾಕಿ ಕೊಡ್ತೇನೆ ಅಂತ ಪ್ಯಾಂಟು ತಿರುಗಿಸಿ ನೋಡಿದಳು. ಒಳಗೆ ಕಾಲಿಂಚು ಬಟ್ಟೆ ಕೂಡ ಬಿಟ್ಟಿಲ್ಲ. “ಇದಕ್ಕೆ ಹೊಲಿಗೆ ಹಾಕುವುದು ಎಲ್ಲಿಗೆ?” ಅಂದಳು. ಮತ್ತೆ ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ತಿಕ್ಕಿ ನೋಡಿ, ಮಡಿಸಿ ಹೊಲಿದ ಅಂಚಿನ ಒಳಗಿಂದ ಒಂದು ದಾರ ಎಳೆದು ದೀಪಕ್ಕೆ ಹಿಡಿದಳು. ಲಿನನ್ ಅಂದ್ರೆ ಅಗಸೆ ಗಿಡದ ನಾರು. ಅದು ಕಾಗದದ ಹಾಗೆ ಉರಿದು ಬೂದಿಯಾಗ್ಬೇಕು, ಬೆರಳಲ್ಲಿ ತಿಕ್ಕಿದ್ರೆ ಹುಡಿಯಾಗಿ ಹೋಗ್ಬೇಕು. ಇದು ಬೆಂಕಿ ತಾಗುವ ಮೊದಲೇ ಮುರುಟಿ ಹಿಂದೆ ಸರಿಯಿತು, ಕರಗಿತು, ತುದಿಯಲ್ಲಿ ಸಾಸಿವೆಗಿಂತ ಸಣ್ಣ ಕಪ್ಪು ಮಣಿ ನಿಂತಿತು. ತಣಿದ ಮೇಲೆ ಉಗುರಲ್ಲಿ ಒತ್ತಿದೆ, ಒಡೆಯಲಿಲ್ಲ. ಪಾಲಿಯೆಸ್ಟರ್. ಲಿನನ್ ಅಂತ ಕಾಣ್ಲಿಕ್ಕೆ ದಾರದಲ್ಲಿ ಅಲ್ಲಲ್ಲಿ ದಪ್ಪ ಬಿಟ್ಟು ನೇಯ್ದದ್ದು, ಅಷ್ಟೇ. ಲಿನನ್ ನಾರು ಗಾಳಿಯಿಂದಲೇ ತನ್ನ ತೂಕದ ಶೇ. 12ರಷ್ಟು ತೇವ ಎಳ್ಕೊಳ್ತದೆ, ಹತ್ತಿ ಶೇ. 8.5ರಷ್ಟು. ಪಾಲಿಯೆಸ್ಟರ್ ಶೇ. 0.4. ನಮ್ಮ ಕರಾವಳಿಯ ಸೆಕೆಗೆ ಜನ ಲಿನನ್ ಅಂತ ಕೇಳಿ ತಗೊಳ್ಳುವುದು ಇದಕ್ಕೇ ಅಲ್ವಾ? ಆ ಬೋರ್ಡು ಹಾಕಿದ್ದೂ ಇದಕ್ಕೇ ಅಲ್ವಾ?

ಒಗೆದು, ಒಣಗಿಸಿ, ಇಸ್ತ್ರಿ ಹಾಕಿ, ಅವರದ್ದೇ ಕವರಿನಲ್ಲಿ ಮಡಚಿಟ್ಟು ತಗೊಂಡು ಹೋದದ್ದು ನಾನು. ಸೋಪಿನ ಪರಿಮಳ ಬಿಟ್ರೆ ಅದ್ರಲ್ಲಿ ಬೇರೆ ಎಂತದ್ದೂ ಇರಲಿಲ್ಲ. ಆ ಮಣಿ ಇದ್ದ ದಾರವನ್ನೂ ಕಾಗದದಲ್ಲಿ ಕಟ್ಟಿ ಬ್ಯಾಗಿನಲ್ಲಿ ಇಟ್ಕೊಂಡಿದ್ದೆ, ತೋರಿಸ್ಲಿಕ್ಕೆ. ಕೌಂಟರಿನವ ಕವರು ಬಿಚ್ಚಿದ. ಶರ್ಟನ್ನು ಕೊಡವಿ ಟ್ಯೂಬ್‌ಲೈಟಿಗೆ ಹಿಡಿದ. ಹೊಲಿಗೆ ಬಿಟ್ಟದ್ದು ಪ್ಯಾಂಟು, ಇಲ್ಲಿ ನೋಡಿ ಅಂತ ನಾನು ಪ್ಯಾಂಟು ತಿರುಗಿಸ್ತಾ ಇದ್ದೆ. ಅಷ್ಟರಲ್ಲಿ ಅವ ಶರ್ಟಿನ ತೋಳು ಎತ್ತಿ, ಕಂಕುಳ ಜಾಗವನ್ನು ಮೂಗಿನ ಹತ್ರ ಹಿಡಿದು ಉಸಿರು ಎಳೆದ. ಎಳೆದ ಸದ್ದು ನನಗೆ ಕೇಳಿತು. ಕ್ಯಾಶಿನ ಕಡೆ ತಿರುಗಿ ಅಂಗಡಿಯ ಆಚೆ ಮೂಲೆಗೂ ಕೇಳುವಷ್ಟು ದೊಡ್ಡದಾಗಿ “ಇದ್ ಇಟ್ಟದಾಣಲ್ಲೋ!” ಅಂತ ಮಲಯಾಳದಲ್ಲಿ ಅಂದ, ಇದು ಹಾಕಿದ್ದಲ್ವಾ ಅಂತ. ಹಾಕಿದ ಬಟ್ಟೆ ಅಂತ ನಾನೇ ಹೇಳಿದ್ದೆ! ಬಂದ ಕೂಡ್ಲೇ ಹೇಳಿದ್ದೆ! ಹಾಕದೆ ಹೊಲಿಗೆ ಬಿಡ್ತದೆ ಅಂತ ಗೊತ್ತಾಗುವುದು ಹೇಗೆ?

ಕ್ಯಾಶಿನಲ್ಲಿ ಕೂತ ಮಾಲಕರು ಎದ್ದು ಕೂಡ ಬರಲಿಲ್ಲ. ಕೂತಲ್ಲಿಂದಲೇ, “ಫೋಟೋ ತೆಗೆದಾಯ್ತಲ್ಲ, ಇನ್ನೆಂತ? ಮಳೆ ಬಂತು, ಈ ಬಣ್ಣವನ್ನು ಇನ್ನು ಯಾರು ಕೇಳ್ತಾರೆ? ಫ್ಯಾಷನ್ ಮುಗಿದ ಮೇಲೆ ತಂದು ಬಿಸಾಡ್ಲಿಕ್ಕೆ ನಮ್ಮ ಅಂಗಡಿಯಾ ಸಿಕ್ಕಿದ್ದು?” ಅಂದ್ರು.

ಹೌದು, ಮಳೆ ಈ ಸಲ ಮೇ 24ಕ್ಕೇ ಬಂತು, ಎಂದಿನ ಜೂನ್ 1ಕ್ಕೆ ಕಾಯಲಿಲ್ಲ. ಅದು ನನ್ನ ತಪ್ಪಾ? ಅವರ ಪೆಟ್ಟಿಗೆಯಲ್ಲಿ ಮಾರಿ ಹೋಗದೆ ಉಳಿದ ಹಳದಿಗೆ ನಾನು ಕಾರಣವಾ?

ಆಗ ನೈಟಿ ನೋಡ್ತಿದ್ದ ಒಬ್ಬರು ತಿರುಗಿದರು. ನಮ್ಮ ಶಾಲೆಯ ನಾಲ್ಕನೇ ಕ್ಲಾಸಿನ ಹುಡುಗಿಯ ಅಮ್ಮ. ಹುಡುಗಿಯೂ ಇದ್ದಳು, ಕೈಯಲ್ಲಿ ಹೊಸ ಕೊಡೆ. ನನ್ನನ್ನು ನೋಡಿ ನಗ್ಲಿಕ್ಕೆ ಬಾಯಿ ತೆರೆದವಳು ಅಲ್ಲಿಗೇ ನಿಂತಳು. ಅವಳ ಅಮ್ಮ ಮೆಲ್ಲ ಅವಳ ಭುಜ ಹಿಡಿದು ಆಚೆ ತಿರುಗಿಸಿದರು. ನನ್ನ ಮರ್ಯಾದೆ ಉಳಿಸ್ಲಿಕ್ಕೆ ಅಂತಲೇ ಮಾಡಿದ್ದು, ನನಗೆ ಅರ್ಥ ಆಗ್ತದೆ. ಆದ್ರೆ ಆ ಮಗು ತಿರುಗುವಾಗಲೂ ನೋಡ್ತಾ ಇದ್ದದ್ದು ನನ್ನನ್ನಲ್ಲ, ಅವನ ಕೈಯಲ್ಲಿದ್ದ ಶರ್ಟನ್ನು. ಜೂನ್ 2ಕ್ಕೆ ಶಾಲೆ ಸುರು. ನಾನು ಬೋರ್ಡಿನ ಎದುರು ಕೈ ಎತ್ತಿ ಬರೆಯುವಾಗ ಅವಳಿಗೆ ಎಂತ ನೆನಪಾಗ್ಬಹುದು? ಹೇಳಿ, ಯಾರಾದ್ರೂ ಹೇಳಿ.

ನನ್ನ ಬಾಯಿಂದ ಒಂದು ಮಾತು ಹೊರಡಲಿಲ್ಲ. ಕಾಗದದ ಪೊಟ್ಟಣ ಬ್ಯಾಗಿನಲ್ಲೇ ಉಳಿಯಿತು. ಬಟ್ಟೆಯನ್ನು ಅವ ಮಡಚಲೂ ಇಲ್ಲ, ಮುದ್ದೆ ಮಾಡಿ ಕೌಂಟರಿನ ಮೇಲೆ ಈಚೆ ದೂಡಿದ. ಅದನ್ನು ಎದೆಗೆ ಒತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದೆ.

ಹೋಗ್ಲಿ ಅಂತ ಬದಿಯಡ್ಕ ಮುಟ್ಟುವವರೆಗೆ ಮನಸ್ಸಿಗೆ ಹೇಳ್ಕೊಂಡೆ. 999 ಹೋಯ್ತು, ಸಾಯ್ಲಿ. ಪೇಟೆಯಲ್ಲಿ ಅದೊಂದೇ ಅಂಗಡಿಯಾ? ಇನ್ನು ಆ ಮೆಟ್ಟಿಲು ಹತ್ತದಿದ್ರೆ ಆಯ್ತು.

ಇಲ್ಲ, ಹೋಗ್ಲಿ ಅಂತ ಬಿಡ್ಲಿಕ್ಕೆ ಆಗುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಉಂಟು: ಮಾಲು ಯಾವುದರಿಂದ ಮಾಡಿದ್ದು ಅಂತ ಸುಳ್ಳು ಹೇಳಿ ಮಾರುವುದು ಅನುಚಿತ ವ್ಯಾಪಾರ. ದೋಷ ಇದ್ದ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ರೆ 30 ದಿನದೊಳಗೆ ವಾಪಸ್ ತಗೊಳ್ಳದೆ ಇರುವುದೂ ಅನುಚಿತ ವ್ಯಾಪಾರವೇ. ನನ್ನದು ಇನ್ನೂ 30 ದಿನ ಆಗಲಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಹೇಳ್ಬಹುದು. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದ್ರೆ 5 ಲಕ್ಷದವರೆಗಿನ ಖರೀದಿಗೆ ಫೀಸೂ ಇಲ್ಲ. ಹಬ್ಬಕ್ಕೆ, ಮದುವೆಗೆ ಮಂಗಳೂರಿಗೆ ಹೋಗಿ ಜವುಳಿ ತರುವ ನಮ್ಮವರೂ ಕೇಳಿ: ತಲಪಾಡಿ ಗಡಿಯ ಆಚೆ, ಕರ್ನಾಟಕದಲ್ಲಿ, ತಗೊಂಡದ್ದಾದ್ರೂ ನೀವು ಇರುವ ಜಿಲ್ಲೆಯಲ್ಲೇ, ಇಲ್ಲಿ ಕಾಸರಗೋಡಿನಲ್ಲೇ, ದೂರು ಕೊಡ್ಲಿಕ್ಕೆ ಆಗ್ತದೆ.

ಇಷ್ಟೆಲ್ಲ ಗೊತ್ತಿದ್ದೂ ಕೌಂಟರಿನ ಎದುರು ಬಾಯಿ ಕಟ್ಟಿ ಹೋಗ್ತದೆ. ಸಾವಿರದೊಳಗಿನ ಬಟ್ಟೆ ತಗೊಂಡವರ ಬಾಯಿ ಕಟ್ಟಿಸುವುದು ಹೇಗೆ ಅಂತ ಅವರಿಗೆ ಚೆಂದ ಗೊತ್ತುಂಟು. ಇದೇ ಬಣ್ಣವನ್ನು ಹತ್ತು ಸಾವಿರ ಕೊಟ್ಟು ತಗೊಂಡವಳ ಕಂಕುಳನ್ನು ಯಾರೂ ಮೂಸುವುದಿಲ್ಲ. ಅವಳಿಗೆ ಕುರ್ಚಿ ಕೊಡ್ತಾರೆ, ಲಿಂಬೆ ಶರಬತ್ತು ತರಿಸ್ತಾರೆ.

ಕೈಮಗ್ಗದ್ದು ತಗೊಳ್ಬೇಕಿತ್ತು ಅಂತ ಹೇಳುವವರು ಈಗ ಬರ್ತೀರಿ. ಗೊತ್ತುಂಟು. ಉದಯಗಿರಿಯ ನೇಕಾರರ ಸೊಸೈಟಿ ನಮ್ಮ ಜಿಲ್ಲೆಯದ್ದೇ, ಈ ಊರಿನದ್ದೇ ವಿಶೇಷ ಅಂತ ಜಿಐ ಗುರುತು ಸಿಕ್ಕಿದ ಕಾಸರಗೋಡು ಸೀರೆ ಅಮ್ಮನ ಕಪಾಟಿನಲ್ಲಿ ಉಂಟು, ಅದರ ಹತ್ತಿ ಎಷ್ಟು ತಂಪು ಅಂತಲೂ ಗೊತ್ತುಂಟು. ಆದ್ರೆ ನಾನು ಕೇಳ್ತಾ ಇರುವುದು ಅದಲ್ಲ. ಸಂಬಳ ಕಮ್ಮಿ ಇರುವವಳು ಒಂದು ಬೇಸಗೆಯ ಫ್ಯಾಷನ್ ಮಾಡ್ಬಾರದಾ? ಮಾಡಿದ್ರೆ, ಬರೆದದ್ದು ಒಂದು ಕೊಟ್ಟದ್ದು ಇನ್ನೊಂದು ಅಂತ ಕೇಳ್ಬಾರದಾ? ಪಾಲಿಯೆಸ್ಟರ್ ಅಂತಲೇ ಬರೆದು 999ಕ್ಕೆ ಮಾರಿದ್ರೆ ನಾನು ಇಷ್ಟು ದೂರ ಹೋಗ್ತಲೇ ಇರಲಿಲ್ಲ.

ಅಮ್ಮ ಹೇಳುವುದು, ಬಿಡು ಮಗಳೇ, ಅದನ್ನು ಬಿಚ್ಚಿ ದಿಂಬಿನ ಕವರು ಹೊಲೀತೇನೆ ಅಂತ. ಬೇಡ. ಅದು ಹಾಗೆಯೇ ಇರ್ಬೇಕು, ಬಿಟ್ಟ ಹೊಲಿಗೆ ಸಮೇತ. ತೊಂದರೆ ಎಂತದ್ದು ಅಂದ್ರೆ, ಬಿಲ್ಲಿನಲ್ಲಿ ಬರೀ “ಲೇಡೀಸ್ ಸೆಟ್” ಅಂತ ಬರೆದಿದ್ದಾರೆ, ಲಿನನ್ ಅಂತ ಎಲ್ಲಿಯೂ ಇಲ್ಲ. ಎದುರಿನ ಬೋರ್ಡು ಇವತ್ತು ನೋಡುವಾಗ ಇರಲಿಲ್ಲ, ಆ ಜಾಗದಲ್ಲಿ ರೈನ್‌ಕೋಟು ನೇತಾಡ್ತಾ ಇತ್ತು. ಅಂಗಡಿಯ ಹೆಸರು ಇಲ್ಲಿ ಹಾಕುವುದಿಲ್ಲ, ಮೆಸೇಜ್ ಮಾಡಿದವರಿಗೆ ಹೇಳ್ತೇನೆ. ಈ ಬೇಸಗೆಯಲ್ಲಿ ಕಾಸರಗೋಡು ಪೇಟೆಯಲ್ಲಿ ಇಂಥ ಸೆಟ್ಟು ತಗೊಂಡವರು ಯಾರಾದ್ರೂ ಇದ್ದೀರಾ? ಬೊಂಬೆಯ ಪಕ್ಕ ನಿಂತು ತೆಗೆದ ಫೋಟೋದಲ್ಲಿ ಹಿಂದೆ ಆ ಬೋರ್ಡು ಬಿದ್ದಿದ್ರೆ, ಅರ್ಧ ಕಂಡ್ರೂ ಪರವಾಗಿಲ್ಲ, ದಯಮಾಡಿ ಕಳಿಸಿ. 1915ಕ್ಕೆ ನಾಳೆ ಬೆಳಿಗ್ಗೆಯೇ ಫೋನ್ ಮಾಡ್ತೇನೆ.